ಎಸಿಎಲ್ ಹರಿದಾಗ ಮೂಳೆಗೇನಾಗುತ್ತೆ?

ಎಸಿಎಲ್ (ಮೊಣಕಾಲಿನೊಳಗೆ ಎರಡು ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್, ಅಂದರೆ ಗಟ್ಟಿ ಪಟ್ಟಿ) ಹರಿದಿದೆ, ಎಂಆರ್‌ಐ ರಿಪೋರ್ಟಿನಲ್ಲಿ ‘ಬೋನ್ ಬ್ರೂಸ್’ ಅಂತಿದೆ, ಮೂಳೆ ಮುರಿದಿದೆಯಾ ಅಂತ ಕೇಳಿದ್ದೀರಿ. ಎಕ್ಸ್‌ರೇಯಲ್ಲಿ ಕಾಣುವಂಥ ಮುರಿತ ಅಲ್ಲ ಅದು. ಲಿಗಮೆಂಟ್ ಹರಿದ ಕ್ಷಣ ಮೊಣಕಾಲಿನ ಕೆಳಗಿನ ಮೂಳೆ ಮುಂದಕ್ಕೆ ಜಾರಿ, ಹೊರಬದಿಯಲ್ಲಿ ತೊಡೆಮೂಳೆಗೆ ಗುದ್ದುತ್ತದೆ. ಪೆಟ್ಟು ಬಿದ್ದ ಜಾಗದಲ್ಲಿ ಮೂಳೆಯ ಒಳಗೇ ರಕ್ತ, ನೀರು ಸೇರಿಕೊಳ್ಳುತ್ತದೆ. ಎಂಆರ್‌ಐನ ಕೆಲವು ಚಿತ್ರಗಳಲ್ಲಿ ಬೆಳ್ಳಗೆ ಮೋಡದ ಹಾಗೆ ಕಾಣುವುದು ಅದೇ. ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ತಾನಾಗೇ ಮಾಯುತ್ತದೆ, ಸುಮ್ನೆ ಹೆದರಬೇಡಿ.

ನಾನಾಗಿದ್ದರೆ ಆ ಮೂಳೆಯ ತುದಿಗೆ ಹೊದ್ದಿರುವ ನುಣುಪು ಪದರ, ಕಾರ್ಟಿಲೇಜ್ ಬಗ್ಗೆ ಯೋಚಿಸುತ್ತಿದ್ದೆ. ಅದಕ್ಕೆ ರಕ್ತನಾಳವೇ ಇಲ್ಲ, ಹಾಗಾಗಿ ಏಟು ಬಿದ್ದರೆ ಸರಿಹೋಗುವುದು ಕಷ್ಟ. ಎಸಿಎಲ್ ಹರಿದ 10-20 ವರ್ಷದಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಕೀಲು ಸವೆತ ಕಾಣಿಸುತ್ತದೆ. ಮೆನಿಸ್ಕಸ್ (ಎರಡು ಮೂಳೆಗಳ ನಡುವಿನ ಮೆತ್ತೆ) ಕೂಡ ಹರಿದಿದ್ದರೆ ಇನ್ನೂ ಜಾಸ್ತಿ. ಆಪರೇಷನ್ ಮಾಡಿಸಿದರೂ ಪೂರ್ತಿ ತಪ್ಪುವುದಿಲ್ಲ. ರಿಪೋರ್ಟಿನಲ್ಲಿ ಮೆನಿಸ್ಕಸ್ ಬಗ್ಗೆ ಏನು ಬರೆದಿದ್ದಾರೆ, ನೋಡಿ ಹೇಳ್ತೀರಾ?