ಹನ್ನೆರಡರಲ್ಲಿ ನಮ್ಮವರಿಲ್ಲ!

ಓದುಗರ ಪ್ರಶ್ನೆ, ಮೇಷ್ಟ್ರ ಉತ್ತರ

2025ರ ಡಿಸೆಂಬರ್ 7ರಂದು ಅಮೆರಿಕನ್ ಕಾಲೇಜ್ ಫುಟ್‌ಬಾಲ್ ಪ್ಲೇಆಫ್‌ನ, ಅಂದರೆ ಕಪ್‌ಗಾಗಿ ಆಡುವ ಕೊನೆಯ ನಾಕೌಟ್ ಪಂದ್ಯಗಳ, 12 ತಂಡಗಳ ಪಟ್ಟಿ ಬಂತು. ಅವತ್ತಿನಿಂದ ನನಗೆ ಬಂದ ಪತ್ರಗಳಲ್ಲಿ ವೀಸಾ ಬಗ್ಗೆ ಒಂದೂ ಇಲ್ಲ, ತೆರಿಗೆ ಬಗ್ಗೆ ಒಂದೂ ಇಲ್ಲ. ಎಲ್ಲವೂ ಜಗಳವೇ. ಜನವರಿ 19ಕ್ಕೆ ಫೈನಲ್ ಮುಗಿದು, ಇಂಡಿಯಾನಾ ತಂಡ ಮಯಾಮಿಯನ್ನು 27-21ರಲ್ಲಿ ಸೋಲಿಸಿ ಕಪ್ ಎತ್ತಿದ ಮೇಲೂ ಪತ್ರ ನಿಂತಿಲ್ಲ. ಹಾಗಾಗಿ ಈ ಸಂಚಿಕೆ ಪೂರ್ತಿ ಅದಕ್ಕೇ. ತೆರಿಗೆಯವರು ಮುಂದಿನ ತಿಂಗಳವರೆಗೆ ಕಾಯಿರಿ.

ಮೇಷ್ಟ್ರೇ, ಮಗಳ ಮನೆಗೆ ಆರು ತಿಂಗಳಿಗೆ ಅಂತ ಬಂದಿದ್ದೇನೆ. ಮಗನೂ ಪಕ್ಕದ ಊರಲ್ಲೇ ಇದ್ದಾನೆ. ಅವನು ಮಯಾಮಿ ಕಡೆ. ಅಳಿಯಂದಿರು ನೋಟರ್ ಡೇಮ್‌ನಲ್ಲಿ ಓದಿದವರು. ಒಟ್ಟಿಗೆ ಊಟಕ್ಕೆ ಕೂತರೂ ಇಬ್ಬರಿಗೂ ಮಾತಿಲ್ಲ. ಆಟ ಅಂದ ಮೇಲೆ ಗೆದ್ದವರು ಮುಂದೆ ಹೋಗುತ್ತಾರೆ. ಇದರಲ್ಲಿ ಜಗಳ ಆಡುವುದಕ್ಕೆ ಏನಿದೆ?
— ಒಬ್ಬ ತಾಯಿ, ಕ್ಲೀವ್‌ಲ್ಯಾಂಡ್

ಅಮ್ಮಾ, ಗೆದ್ದವರೆಲ್ಲ ಮುಂದೆ ಹೋಗುವ ಹಾಗಿದ್ದರೆ ನನಗೆ ಇಷ್ಟು ಪತ್ರ ಬರುತ್ತಿರಲಿಲ್ಲ. ಈ ಆಟದ ಮೇಲಿನ ದರ್ಜೆಯಲ್ಲಿ ಈ ಸಲ 136 ತಂಡಗಳಿದ್ದವು. ಒಂದೊಂದಕ್ಕೂ ಸಿಗುವುದು ಬರೀ 12 ಪಂದ್ಯ. ಅದರಲ್ಲೂ ಎಂಟೋ ಒಂಬತ್ತೋ ತಮ್ಮ ತಮ್ಮ ಕಾನ್ಫರೆನ್ಸ್, ಅಂದರೆ ತಂಡಗಳ ಗುಂಪಿನ, ಒಳಗೇ ನಡೆದುಹೋಗುತ್ತವೆ. ಎಲ್ಲರೂ ಎಲ್ಲರ ಜೊತೆ ಆಡುವ ಮಾತೇ ಇಲ್ಲ. ಹಾಗಾಗಿ ಟೆಕ್ಸಸ್‌ನ ಗ್ರೇಪ್‌ವೈನ್ ಊರಿನ ಹೋಟೆಲೊಂದರಲ್ಲಿ ಒಂದು ಸಮಿತಿ ಕೂರುತ್ತದೆ. ಯೂನಿವರ್ಸಿಟಿಗಳ ಕ್ರೀಡಾ ನಿರ್ದೇಶಕರು, ಹಳೇ ಕೋಚ್‌ಗಳು ಇಂಥವರು. ಈ ಸಲ ಪಟ್ಟಿಯಲ್ಲಿ ಮೇಲಿದ್ದ ಐದು ಕಾನ್ಫರೆನ್ಸ್ ಚಾಂಪಿಯನ್‌ಗಳಿಗೆ ಸೀಟು ಗ್ಯಾರಂಟಿ ಇತ್ತು. ಉಳಿದ ಏಳನ್ನು ಸಮಿತಿಯ ರ‍್ಯಾಂಕಿಂಗ್ ಹೇಳುತ್ತದೆ.

ಈಗ ನಿಮ್ಮ ಮನೆಯ ವಿಷಯ. ಆಗಸ್ಟ್ 31ರಂದು ಮಯಾಮಿ ತಂಡ ನೋಟರ್ ಡೇಮ್ ಅನ್ನು 27-24ರಲ್ಲಿ ಸೋಲಿಸಿತು. ವರ್ಷದ ಕೊನೆಗೆ ಇಬ್ಬರದೂ 10 ಗೆಲುವು, 2 ಸೋಲು. ನೋಟರ್ ಡೇಮ್‌ನ ಎರಡೂ ಸೋಲು ಶುರುವಿನಲ್ಲೇ ಆಗಿದ್ದವು. ಎರಡನೆಯದು ಟೆಕ್ಸಸ್ ಎ ಅಂಡ್ ಎಂ ಕೈಲಿ 41-40, ಒಂದೇ ಪಾಯಿಂಟಿನಲ್ಲಿ. ಆಮೇಲೆ ಸತತ ಹತ್ತು ಗೆಲುವು. ಮಯಾಮಿ ನಡುವೆ ಲೂಯಿವಿಲ್, ಎಸ್‌ಎಂಯು ಕೈಲಿ ಎಡವಿತ್ತು. ಸಮಿತಿ ವಾರ ವಾರವೂ ನೋಟರ್ ಡೇಮ್ ಅನ್ನೇ ಮೇಲಿಡುತ್ತಾ ಬಂತು. ಡಿಸೆಂಬರ್ 2ರ ಮಂಗಳವಾರದ ಪಟ್ಟಿಯಲ್ಲಿ ನೋಟರ್ ಡೇಮ್ 10, ಬಿವೈಯು 11, ಮಯಾಮಿ 12. ಭಾನುವಾರ ನೋಡಿದರೆ ಮಯಾಮಿ 10, ನೋಟರ್ ಡೇಮ್ 11. ಕೆಳಗಿದ್ದ ಇಬ್ಬರು ಚಾಂಪಿಯನ್‌ಗಳಿಗೆ ಎರಡು ಸೀಟು ಹೋದ್ದರಿಂದ 10ರವರೆಗೆ ಮಾತ್ರ ಜಾಗ. ನಿಮ್ಮ ಅಳಿಯಂದಿರ ತಂಡ ಔಟ್.

ತಮಾಷೆ ಏನೆಂದರೆ, ಆ ವಾರಾಂತ್ಯ ಇವರಿಬ್ಬರಲ್ಲಿ ಯಾರೂ ಆಡಲೇ ಇಲ್ಲ! ಸೋತದ್ದು ಮಧ್ಯದಲ್ಲಿದ್ದ ಬಿವೈಯು. ಅದು ಕೆಳಗೆ ಜಾರಿತು, ಇವರಿಬ್ಬರೂ ಅಕ್ಕಪಕ್ಕ ಬಂದರು, ಆಗ ಸಮಿತಿಗೆ ಆಗಸ್ಟ್‌ನ ಪಂದ್ಯ ನೆನಪಾಯಿತು. ಅಕ್ಕಪಕ್ಕ ಬಂದ ಮೇಲೆ ಮುಖಾಮುಖಿ ಫಲಿತಾಂಶ ನೋಡಿದೆವು ಅಂತ ಅಧ್ಯಕ್ಷ ಹಂಟರ್ ಯುರಾಚೆಕ್ ವಿವರಣೆ ಕೊಟ್ಟರು. ಉತ್ತರಪತ್ರಿಕೆ ಮೂರು ತಿಂಗಳಿಂದ ಮೇಜಿನ ಮೇಲೇ ಇತ್ತಲ್ಲ ಸ್ವಾಮಿ!

ನನ್ನ ತೀರ್ಪು ಕೇಳಿದರೆ, ಮಯಾಮಿ ಮೇಲಿರಬೇಕಾದದ್ದು ಸರಿ. ಅದನ್ನು ಮೊದಲ ಪಟ್ಟಿಯಲ್ಲೇ ಹೇಳಬೇಕಿತ್ತು. ಮಂಗಳವಾರ ಮಂಗಳವಾರ ಟಿವಿಯಲ್ಲಿ ಆಸೆ ತೋರಿಸಿ, ಕೊನೇ ಭಾನುವಾರ ಎಲೆ ಮುಂದಿನಿಂದ ಎಬ್ಬಿಸಿದ್ದು ತಪ್ಪು. ನೋಟರ್ ಡೇಮ್‌ನವರು ಸಿಟ್ಟಿಗೆ ಬೋಲ್ ಪಂದ್ಯವನ್ನೂ (ವರ್ಷದ ಕೊನೆಗೆ ಕರೆದು ಆಡಿಸುವ ಪಂದ್ಯ) ಆಡಲಿಲ್ಲ. ದುಡ್ಡಿನ ಲೆಕ್ಕವೂ ಇದೆ. ಈ ಸಲ ಮೊದಲ ಸುತ್ತಿಗೆ ಬಂದರೇ 40 ಲಕ್ಷ ಡಾಲರ್ ಇತ್ತು. ಬೇರೆಯವರಾದರೆ ಅದು ಕಾನ್ಫರೆನ್ಸ್‌ಗೆ ಹೋಗುತ್ತಿತ್ತು. ನೋಟರ್ ಡೇಮ್ ಯಾವ ಕಾನ್ಫರೆನ್ಸಿಗೂ ಸೇರದ ಒಂಟಿ ತಂಡ, ಪೂರ್ತಿ ಅವರದೇ ಆಗುತ್ತಿತ್ತು.

ಮಗನಿಗೂ ಅಳಿಯಂದಿರಿಗೂ ಇದನ್ನು ಓದಿ ಹೇಳಿ. ಇಬ್ಬರೂ ನನ್ನ ಮೇಲೆ ಸಿಟ್ಟಾದರೆ ಅಷ್ಟರ ಮಟ್ಟಿಗೆ ಒಂದಾದರು.

ಎಸ್‌ಇಸಿ ಕಾನ್ಫರೆನ್ಸ್‌ಗೆ ಐದು ಸೀಟು! ಅಲಬಾಮಾ ತನ್ನ ಕಾನ್ಫರೆನ್ಸ್ ಫೈನಲ್‌ನಲ್ಲಿ ಜಾರ್ಜಿಯಾ ಕೈಲಿ 28-7ರಲ್ಲಿ ಸೋತರೂ 9ನೇ ಸ್ಥಾನ ಅಲುಗಾಡಲಿಲ್ಲ. ಇಎಸ್‌ಪಿಎನ್ ಹೇಳಿದ ಹಾಗೆ ಸಮಿತಿ ಕುಣಿಯುತ್ತದೆ ಅಂತ ನಾವು ಹೇಳಿದರೆ ತಪ್ಪಾ?
— ಒಬ್ಬ ಇಂಡಿಯಾನಾ ಅಭಿಮಾನಿ, ಬ್ಲೂಮಿಂಗ್ಟನ್

ಅನುಮಾನ ಬರುವುದು ಸಹಜ. ಎಸ್‌ಇಸಿ ಪಂದ್ಯಗಳ ಪ್ರಸಾರ 2024ರಿಂದ ಪೂರ್ತಿ ಇಎಸ್‌ಪಿಎನ್ ಕೈಲಿದೆ. ಪ್ಲೇಆಫ್ ಪ್ರಸಾರವೂ ಅವರದೇ. ಆದರೆ ಎಸಿಸಿ ಕಾನ್ಫರೆನ್ಸ್ ಪ್ರಸಾರವೂ ಅವರದೇ ಅಲ್ವಾ? 2023ರಲ್ಲಿ 13-0 (13 ಗೆಲುವು, ಸೋಲೇ ಇಲ್ಲ) ಇದ್ದ ಎಸಿಸಿಯ ಫ್ಲೋರಿಡಾ ಸ್ಟೇಟ್ ಅನ್ನು ಹೊರಗಿಟ್ಟು ಒಂದು ಪಂದ್ಯ ಸೋತಿದ್ದ ಅಲಬಾಮಾವನ್ನು ಒಳಗೆ ತಂದರಲ್ಲ, ಆ ಎರಡು ಮಕ್ಕಳೂ ಒಂದೇ ಮನೆಯವು. ಸಮಿತಿಯಲ್ಲಿ ತನ್ನ ತಂಡದ ಚರ್ಚೆ ಬಂದಾಗ ಆ ಸದಸ್ಯರು ಎದ್ದು ಹೊರಗೆ ಹೋಗಬೇಕು. ಮತ ಗುಪ್ತ. ಒಳಸಂಚು ಅನ್ನುವುದಕ್ಕೆ ನನಗೆ ಪುರಾವೆ ಸಿಕ್ಕಿಲ್ಲ.

ಪಕ್ಷಪಾತ ಇಲ್ಲ ಅಂತ ಅಲ್ಲ. ಅದು ಸಮಿತಿ ಕೂರುವ ಮೊದಲೇ ಒಳಗೆ ಬಂದು ಕೂತಿರುತ್ತದೆ. ನಾನು ಸಂಖ್ಯಾಶಾಸ್ತ್ರ ಪಾಠ ಮಾಡಿದವನು, ಹಾಗೇ ಹೇಳುತ್ತೇನೆ. ನಾಲ್ಕು ಶಾಲೆ, ನಾಲ್ಕು ಬೇರೆ ಪ್ರಶ್ನೆಪತ್ರಿಕೆ, ತಿದ್ದುವವರು ಆಯಾ ಶಾಲೆಯ ಮೇಷ್ಟ್ರುಗಳೇ. ಈಗ ಆ ಶಾಲೆಯ ಎಂಬತ್ತು ದೊಡ್ಡದಾ, ಈ ಶಾಲೆಯ ತೊಂಬತ್ತು ದೊಡ್ಡದಾ? ಎರಡೂ ಶಾಲೆಯ ಮಕ್ಕಳು ಒಂದೇ ಪತ್ರಿಕೆ ಬರೆದರೆ ಮಾತ್ರ ಗೊತ್ತಾಗುತ್ತದೆ. ಇಲ್ಲಿ ಆ ಪರೀಕ್ಷೆ ಅಂದರೆ ಸೆಪ್ಟೆಂಬರ್ ಹೊತ್ತಿಗೆ ನಡೆಯುವ ಬೆರಳೆಣಿಕೆಯ ಪಂದ್ಯಗಳು. ಮಿಕ್ಕಿದ್ದೆಲ್ಲ ಊಹೆ.

ಆ ಊಹೆ ಎಲ್ಲಿಂದ ಬರುತ್ತದೆ? ಒಂದೂ ಪಂದ್ಯ ಆಡುವ ಮೊದಲೇ ಪತ್ರಕರ್ತರು ಪಟ್ಟಿ ಮಾಡುತ್ತಾರೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ. 2025ರ ಎಪಿ ಸುದ್ದಿಸಂಸ್ಥೆಯ ಪಟ್ಟಿಯಲ್ಲಿ ಟೆಕ್ಸಸ್ 1, ಪೆನ್ ಸ್ಟೇಟ್ 2, ಕ್ಲೆಮ್‌ಸನ್ 4. ಪೆನ್ ಸ್ಟೇಟ್ ಅಕ್ಟೋಬರ್‌ನಲ್ಲೇ ಕೋಚನ್ನು ಮನೆಗೆ ಕಳಿಸಿತು. ಕ್ಲೆಮ್‌ಸನ್ 12 ಪಂದ್ಯಗಳಲ್ಲೇ ಐದು ಸೋತಿತು. ನಿಮ್ಮ ಇಂಡಿಯಾನಾ ಎಷ್ಟನೆಯದಿತ್ತು ಗೊತ್ತಾ? 20. ಇನ್ನು ಒಂದು ಕಾನ್ಫರೆನ್ಸ್‌ನ ಏಳೆಂಟು ತಂಡ ಆ ಪಟ್ಟಿಗೆ ಬಿದ್ದರೆ ಮುಗಿಯಿತು. ಅವರು ಅವರವರೇ ಆಡುತ್ತಾರೆ. ಗೆದ್ದವರಿಗೆ ದೊಡ್ಡ ಗೆಲುವು, ಸೋತವರಿಗೆ ಒಳ್ಳೇ ಸೋಲು. ಎರಡೂ ಕಡೆ ಲಾಭ.

ಎಸ್‌ಇಸಿಗೆ ಈ ಹೆಸರು ಬಿಟ್ಟಿ ಬಂದದ್ದಲ್ಲ, ಅದನ್ನೂ ಹೇಳಬೇಕು. 2019ರಿಂದ 2022ರವರೆಗೆ ನಾಲ್ಕೂ ವರ್ಷ ಕಪ್ ಅವರದೇ. ಆದರೆ ಮೂರು ವರ್ಷದಿಂದ ಫೈನಲ್‌ನಲ್ಲಿ ಅವರ ಒಂದು ತಂಡವೂ ಇಲ್ಲ. ಗೆದ್ದದ್ದು ಮಿಷಿಗನ್, ಒಹಾಯೋ ಸ್ಟೇಟ್, ಇಂಡಿಯಾನಾ, ಮೂರೂ ಬಿಗ್ ಟೆನ್ ಕಾನ್ಫರೆನ್ಸ್‌ನವು. ಹೆಸರು ನಿಧಾನಕ್ಕೆ ಇಳಿಯುತ್ತದೆ, ಬಾಡಿಗೆಯ ಹಾಗೆ, ಏರಿದಷ್ಟು ಬೇಗ ಇಳಿಯುವುದಿಲ್ಲ. ಎಸ್‌ಇಸಿಯವರು ಕಾನ್ಫರೆನ್ಸ್ ಒಳಗೆ ಎಂಟೇ ಪಂದ್ಯ ಆಡುತ್ತಿದ್ದರು, ಬಿಗ್ ಟೆನ್ ಒಂಬತ್ತು. 2026ರಿಂದ ಅವರೂ ಒಂಬತ್ತಕ್ಕೆ ಬರುತ್ತಿದ್ದಾರೆ.

ಅಲಬಾಮಾಗೆ ಬರೋಣ. ಕಾನ್ಫರೆನ್ಸ್ ಫೈನಲ್ ಅನ್ನುವುದು ಹೆಚ್ಚುವರಿ ಪಂದ್ಯ, ಮನೆಯಲ್ಲಿ ಕೂತವರಿಗಿಂತ ಆಡಿದವರಿಗೆ ಶಿಕ್ಷೆ ಆಗಬಾರದು ಅನ್ನುವುದು ಸಮಿತಿಯ ವಾದ. ಒಳ್ಳೇ ವಾದ. 2024ರಲ್ಲಿ ಎಸ್‌ಎಂಯು ಹೀಗೇ ಸೋತು 8ರಿಂದ 10ಕ್ಕೆ ಇಳಿದರೂ ಒಳಗೇ ಉಳಿಯಿತು, ಆಗ ಹೊರಗೆ ಬಿದ್ದದ್ದು ಅಲಬಾಮಾವೇ. ಆದರೆ ಈ ಸಲ ಅದೇ ದಿನ ಬಿವೈಯು ಟೆಕ್ಸಸ್ ಟೆಕ್ ಕೈಲಿ 34-7ರಲ್ಲಿ ಸೋತಿತು, ಒಂದು ಮೆಟ್ಟಿಲು ಇಳಿಸಿದರು. ಅಲಬಾಮಾ ಅವತ್ತು ಚೆಂಡು ಹಿಡಿದು ಓಡಿ ಗಳಿಸಿದ್ದು ಮೈನಸ್ ಮೂರು ಗಜ. ಮೈನಸ್! ಜೊತೆಗೆ ಮೊದಲ ಪಂದ್ಯದಲ್ಲಿ ಸೋತದ್ದು ಫ್ಲೋರಿಡಾ ಸ್ಟೇಟ್‌ಗೆ, ಆ ತಂಡ 5-7ಕ್ಕೆ ಮುಗಿಸಿತು. ಅಲಬಾಮಾ ಸೆಪ್ಟೆಂಬರ್‌ನಲ್ಲಿ ಜಾರ್ಜಿಯಾವನ್ನು ಅವರ ಊರಿನಲ್ಲೇ ಸೋಲಿಸಿತ್ತು, ನಿಜ. ಅದನ್ನು ತೂಕಕ್ಕೆ ಹಾಕಿದರೂ ಒಂದು ಮೆಟ್ಟಿಲೂ ಇಳಿಸದೆ ಇದ್ದದ್ದು ನನಗೆ ಅರ್ಥವಾಗುವುದಿಲ್ಲ. ಪಟ್ಟಿ ನನ್ನ ಕೈಲಿದ್ದಿದ್ದರೆ ಮಯಾಮಿ, ನೋಟರ್ ಡೇಮ್ ಎರಡೂ ಒಳಗೆ, ಅಲಬಾಮಾ ಹೊರಗೆ.

ಆದರೆ "ರೋಸ್ ಬೋಲ್‌ನಲ್ಲಿ ಅಲಬಾಮಾಗೆ ನಾವು 38-3 ಕೊಟ್ಟೆವು, ನೋಡಿದಿರಾ" ಅಂತ ಪತ್ರದ ಕೊನೆಗೆ ಪ್ಲೇಆಫ್ ಕ್ವಾರ್ಟರ್‌ಫೈನಲ್ ಬಗ್ಗೆ ಬರೆದಿದ್ದೀರಿ. ಅದನ್ನು ಸಾಕ್ಷಿ ಅಂತ ತರಬೇಡಿ. ಅದಕ್ಕೆ ಮುಂಚಿನ ಪಂದ್ಯದಲ್ಲಿ ಅವರು 17-0 ಹಿಂದಿದ್ದು ಒಕ್ಲಹೋಮಾವನ್ನು 34-24ರಲ್ಲಿ ಸೋಲಿಸಿದ್ದರು. ಅದೂ ಸಾಕ್ಷಿಯಾ? 2023ರಲ್ಲಿ ಹೊರಗಿಟ್ಟ ಫ್ಲೋರಿಡಾ ಸ್ಟೇಟ್, ಆರೆಂಜ್ ಬೋಲ್‌ನಲ್ಲಿ ಜಾರ್ಜಿಯಾ ಕೈಲಿ 63-3ರಲ್ಲಿ ಸೋತಾಗ "ನೋಡಿ, ನಾವು ಹೇಳಿರಲಿಲ್ವಾ" ಅಂದವರು ಬಹಳ. ಅವತ್ತು ಆ ತಂಡದ ಮುಖ್ಯ ಆಟಗಾರರಲ್ಲಿ ಎಷ್ಟೋ ಜನ ಅಂಗಳಕ್ಕೇ ಇಳಿದಿರಲಿಲ್ಲ. ಡಿಸೆಂಬರ್‌ನ ನಿರ್ಧಾರಕ್ಕೆ ಡಿಸೆಂಬರ್‌ನಲ್ಲಿ ಗೊತ್ತಿದ್ದದ್ದರ ಮೇಲೇ ಅಂಕ ಕೊಡಬೇಕು.

ವರ್ಷದ ಮೊದಲ ಪಂದ್ಯಕ್ಕೆ ನಾವು ಟೆಕ್ಸಸ್ ತಂಡದವರು ಕೊಲಂಬಸ್‌ಗೆ ಬಂದು ಒಹಾಯೋ ಸ್ಟೇಟ್ ಎದುರು 14-7ರಲ್ಲಿ ಸೋತೆವು. ಅದರ ಬದಲು ಯಾವುದೋ ಸಣ್ಣ ತಂಡದ ಜೊತೆ ಆಡಿದ್ದರೆ 10-2 ಆಗುತ್ತಿತ್ತು. ದೊಡ್ಡವರ ಜೊತೆ ಆಡಿದ್ದೇ ತಪ್ಪಾಯಿತಲ್ಲ?
— ಆಸ್ಟಿನ್‌ನಿಂದ ಓದುಗರೊಬ್ಬರು

ಆ ಪಂದ್ಯ ನಾನು ಸಿ ಡೆಕ್‌ನಲ್ಲಿ ಕೂತು ನೋಡಿದ್ದೆ. ಬಿಸಿಲಿಗೆ ತಲೆ ಸುಟ್ಟಿತು, ಆದರೆ ಪಂದ್ಯ ಚೆನ್ನಾಗಿತ್ತು. ಅದಕ್ಕಾಗಿ ನಿಮಗೆ ಥ್ಯಾಂಕ್ಸ್.

ನಿಮ್ಮ ದೂರಿನಲ್ಲಿ ಅರ್ಧ ಸತ್ಯ ಇದೆ. 9-3 ಇದ್ದ ಟೆಕ್ಸಸ್ 13ನೇ ಸ್ಥಾನಕ್ಕೆ ನಿಂತಿತು. ಆದರೆ ಮೂರು ಸೋಲಿನಲ್ಲಿ ನಿಮ್ಮನ್ನು ಮುಳುಗಿಸಿದ್ದು ಕೊಲಂಬಸ್ ಅಲ್ಲ, ಫ್ಲೋರಿಡಾ. ಆ ತಂಡ ವರ್ಷದಲ್ಲಿ ಗೆದ್ದದ್ದೇ ನಾಲ್ಕು ಪಂದ್ಯ, ಅದರಲ್ಲಿ ಒಂದು ನಿಮ್ಮ ಮೇಲೆ. ಅದನ್ನು ಪತ್ರದಲ್ಲಿ ಬರೆದೇ ಇಲ್ಲ, ಯಾಕೆ? ಹೆತ್ತವರಿಗೆ ಹೆಗ್ಗಣ ಮುದ್ದು.

ನನಗೆ ಭಯ ಇರುವುದು ಬೇರೆ. ನಿಮ್ಮ ಹಾಗೆ ಎಲ್ಲರೂ ಯೋಚಿಸಿ ಇಂಥ ಪಂದ್ಯ ರದ್ದು ಮಾಡಿದರೆ, ನಾಲ್ಕು ಶಾಲೆಯ ಮಕ್ಕಳು ಒಂದೇ ಪತ್ರಿಕೆ ಬರೆಯುವ ಆ ಒಂದು ಪರೀಕ್ಷೆಯೂ ಹೋಯಿತು. ಆಮೇಲೆ ಬರೀ ಹೆಸರಿನ ಮೇಲೆ ರ‍್ಯಾಂಕು.

ಟುಲೇನ್, ಜೇಮ್ಸ್ ಮ್ಯಾಡಿಸನ್ ಅಂಥ ಸಣ್ಣವರಿಗೆ ಸೀಟು ಕೊಟ್ಟು ದೊಡ್ಡವರನ್ನು ಹೊರಗಿಟ್ಟದ್ದು ನ್ಯಾಯವೇ? ಇಬ್ಬರೂ ಮೊದಲ ಸುತ್ತಿನಲ್ಲೇ ಸೋತರು.
— ಹೆಸರು ಬೇಡ ಅಂದವರು, ಚಿಕಾಗೋ

ಹೆಸರು ಬೇಡ ಅಂದದ್ದು ಒಳ್ಳೆಯದಾಯಿತು. ಎರಡು ಸಣ್ಣ ತಂಡ ಬರಲು ಕಾರಣ ಎಸಿಸಿಯವರೇ. ಅವರ ಚಾಂಪಿಯನ್ ಆದದ್ದು ಐದು ಪಂದ್ಯ ಸೋತಿದ್ದ ಡ್ಯೂಕ್. ರ‍್ಯಾಂಕಿಂಗ್‌ನ 25ರೊಳಗೂ ಇರಲಿಲ್ಲ. ಹಾಗಾಗಿ ಐದನೇ ಚಾಂಪಿಯನ್ ಸೀಟು ಜೇಮ್ಸ್ ಮ್ಯಾಡಿಸನ್ ಪಾಲಾಯಿತು. ನಿಯಮ ಎಲ್ಲರೂ ಸೇರಿ ಒಪ್ಪಿದ್ದು. ಸೋತದ್ದು ಹೌದು. ಓರೆಗನ್ ಎದುರು 51-34. ಸೋತರೂ 34 ಹೊಡೆದರು. 2024ರಲ್ಲಿ ಮೊದಲ ಸುತ್ತು ಆಡದೆ ನೇರ ಕ್ವಾರ್ಟರ್‌ಫೈನಲ್‌ಗೆ ಬಂದ ನಾಲ್ಕು ತಂಡಗಳೂ ಅಲ್ಲೇ ಸೋತವು. ಅದರಲ್ಲಿ ಓರೆಗನ್, ಜಾರ್ಜಿಯಾ ಇದ್ದವು. ಅವರನ್ನು ಯಾರೂ ಸಣ್ಣವರು ಅನ್ನಲಿಲ್ಲ.

ಇನ್ನೊಂದು ವಿಷಯ. ಈ ಸಲ ಕಪ್ ಗೆದ್ದ ಇಂಡಿಯಾನಾ 2023ರಲ್ಲಿ 3-9 ಇತ್ತು. ಅದನ್ನು ಎತ್ತಿ ನಿಲ್ಲಿಸಿದ ಕೋಚ್ ಕರ್ಟ್ ಸಿಗ್ನೆಟ್ಟಿ. ಅದಕ್ಕೆ ಮುಂಚೆ ಅವರು ಎಲ್ಲಿದ್ದರು? ಜೇಮ್ಸ್ ಮ್ಯಾಡಿಸನ್‌ನಲ್ಲಿ.

ಮನುಷ್ಯರು ಬೇಡ, ಕಂಪ್ಯೂಟರ್‌ಗೆ ಬಿಟ್ಟುಬಿಡಿ. ಸಂಖ್ಯಾಶಾಸ್ತ್ರದವರಾಗಿ ಒಪ್ಪುತ್ತೀರಲ್ಲ?
— ಸಾಫ್ಟ್‌ವೇರ್ ಎಂಜಿನಿಯರ್, ಸಿಯಾಟಲ್

ನೀವು ಹುಡುಗರು ಇರಬೇಕು. 1998ರಿಂದ 2013ರವರೆಗೆ ಫೈನಲ್‌ಗೆ ಇಬ್ಬರನ್ನು ಆರಿಸಲು ಬಿಸಿಎಸ್ ಅಂತ ಪದ್ಧತಿ ಇತ್ತು. ಅದರಲ್ಲಿ ಮತ, ಕಂಪ್ಯೂಟರ್ ಎರಡೂ ಸೇರಿಸಿ ಲೆಕ್ಕ. 2003ರಲ್ಲಿ ಪತ್ರಕರ್ತರ, ಕೋಚ್‌ಗಳ ಎರಡೂ ಮತ ಪಟ್ಟಿಯಲ್ಲಿ ಯುಎಸ್‌ಸಿ ನಂಬರ್ ಒನ್. ಲೆಕ್ಕ ಹಾಕಿ ನೋಡಿದರೆ ಫೈನಲ್‌ಗೆ ಎಲ್‌ಎಸ್‌ಯು, ಒಕ್ಲಹೋಮಾ! ಕಂಪ್ಯೂಟರ್‌ನ ಮೇಲೆ ಜನ ಬೈದ ಬೈಗುಳ ಇವತ್ತಿನ ಸಮಿತಿಗೆ ಬಿದ್ದದ್ದಕ್ಕಿಂತ ಕಡಿಮೆ ಏನಿರಲಿಲ್ಲ. ಗೆಲುವಿನ ಅಂತರ ಲೆಕ್ಕಕ್ಕೆ ಹಿಡಿಯಬೇಕಾ ಬೇಡವಾ ಅಂತ ಯಾರೋ ಮನುಷ್ಯರೇ ತೀರ್ಮಾನಿಸಬೇಕು ತಾನೇ?

ಮೇಷ್ಟ್ರೇ, ಎಲ್ಲರಿಗೂ ಬುದ್ಧಿ ಹೇಳುತ್ತೀರಿ. ನಿಮ್ಮ ತಂಡ ಯಾವುದು? ನಿಮಗೆ ಪಕ್ಷಪಾತ ಇಲ್ಲವೇ?
— ಆ್ಯನ್ ಆರ್ಬರ್‌ನಿಂದ, ನಿಮ್ಮನ್ನು ಬಲ್ಲವರು

ಪತ್ರ ಮಿಷಿಗನ್‌ನಿಂದ ಬಂದಿದೆ ಅಂದಾಗಲೇ ಪ್ರಶ್ನೆ ಏನಿರುತ್ತದೆ ಅಂತ ಗೊತ್ತಿತ್ತು. ಮೂವತ್ತು ವರ್ಷದಿಂದ ಕೊಲಂಬಸ್‌ನಲ್ಲಿದ್ದೇನೆ. ಒಹಾಯೋ ಸ್ಟೇಟ್ ಬಿಟ್ಟು ಬೇರೆ ತಂಡ ಹೇಳಿದರೆ ಮನೆಯಾಕೆ ಒಳಗೆ ಬಿಡುವುದಿಲ್ಲ.

ಮಯಾಮಿಯೇ ಮೇಲಿರಬೇಕು ಅಂತ ಮೊದಲ ಪ್ರಶ್ನೆಗೆ ಬರೆದೆನಲ್ಲ, ಅದನ್ನು ಡಿಸೆಂಬರ್ ಪೂರ್ತಿ ಸಿಕ್ಕಿದವರಿಗೆಲ್ಲ ಹೇಳಿಕೊಂಡು ಬಂದಿದ್ದೆ. ಡಿಸೆಂಬರ್ 31ರ ರಾತ್ರಿ ಕಾಟನ್ ಬೋಲ್ ಕ್ವಾರ್ಟರ್‌ಫೈನಲ್‌ನಲ್ಲಿ ಅದೇ ಮಯಾಮಿ ನಮ್ಮನ್ನು 24-14ರಲ್ಲಿ ಸೋಲಿಸಿತು. ಟಿವಿ ಆರಿಸಿ, ನೋಟರ್ ಡೇಮ್‌ಗೆ ಭಾರೀ ಅನ್ಯಾಯ ಆಯಿತು ಅಂತ ಮನೆಯಾಕೆಗೆ ಒಂದು ಗಂಟೆ ಭಾಷಣ ಮಾಡಿದೆ.