ಮನಸ್ಸು ಕುಗ್ಗಿರುವಾಗ ಸ್ತೋತ್ರ ಹೇಳಿದರೆ ಅದು ಸುಳ್ಳಾಗುವುದೇ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಸಿಂಧನೂರು ಕಡೆಯ ನಿಮ್ಮ ಹೊಲದಲ್ಲಿ ಸತತ ಎರಡು ವರ್ಷ ಬೆಳೆ ಕೈಕೊಟ್ಟಿದೆ, ಸಾಲದ ಚಿಂತೆಯಲ್ಲಿ ಅಪ್ಪನವರು ಮಾತನ್ನೇ ಕಡಿಮೆ ಮಾಡಿದ್ದಾರೆ, ಸಭೆಗೆ, ಅಂದರೆ ಚರ್ಚಿಗೆ, ಹೋದರೆ ‘ಎಲ್ಲಾದರಲ್ಲಿಯೂ ಕೃತಜ್ಞತಾಸ್ತುತಿ ಮಾಡಿರಿ’ ಎಂಬ ವಾಕ್ಯ ತೋರಿಸಿ ಸ್ತೋತ್ರ ಹೇಳಿಸುತ್ತಾರೆ. ಮನಸ್ಸಿನಲ್ಲಿಲ್ಲದ ಸ್ತೋತ್ರವನ್ನು ಬಾಯಿಂದ ಹೇಳಿದರೆ ಸುಳ್ಳಾಗುವುದಿಲ್ಲವೇ, ಹಾಗೆ ಹೇಳಲಾರದವನು ದೇವರಿಗೆ ಯೋಗ್ಯನಲ್ಲವೇ ಎಂದು ಕೇಳಿದ್ದೀರಿ. ನಾನು ಸಭಾಪಾಲಕನಲ್ಲ, ದೇವಶಾಸ್ತ್ರ ಓದಿದವನೂ ಅಲ್ಲ. ರಾಯಚೂರಿನ ಗಂಜ್‌ನಲ್ಲಿ ರೈತರ ಮಾಲು ಮಾರಿಸಿಕೊಡುವ ಒಂದು ಅಡತಿ ಅಂಗಡಿಯ ಲೆಕ್ಕವನ್ನು 26 ವರ್ಷ ಬರೆದವನು, ಮೆಥೋಡಿಸ್ಟ್ ಸಭೆಯಲ್ಲಿ ಹುಟ್ಟಿ ಬೆಳೆದವನು. ನೀವು ಕೇಳಿದ ಪ್ರಶ್ನೆಯನ್ನು ನಾನೂ ಒಂದು ಕಾಲದಲ್ಲಿ ಕೇಳಿಕೊಂಡಿದ್ದೇನೆ, ಆದ್ದರಿಂದ ಉತ್ತರಿಸುವ ಧೈರ್ಯ ಮಾಡುತ್ತಿದ್ದೇನೆ.

ಮೊದಲು ಆ ವಾಕ್ಯ ಎಲ್ಲಿದೆ ಎಂದು ನೋಡೋಣ. ಅದು ಬೈಬಲಿನಲ್ಲಿ, ಥೆಸಲೋನಿಕ ಪಟ್ಟಣದ ಸಭೆಯವರಿಗೆ ಅಪೊಸ್ತಲ ಪೌಲನು ಬರೆದ ಮೊದಲನೆಯ ಪತ್ರದ ಐದನೆಯ ಅಧ್ಯಾಯದ 18ನೆಯ ವಚನ. ಅದಕ್ಕಿಂತ ನಾಲ್ಕು ವಚನ ಮೇಲೆ, 14ರಲ್ಲಿ, ಮನಗುಂದಿದವರಿಗೆ ಧೈರ್ಯ ಹೇಳಬೇಕು, ಬಲಹೀನರಿಗೆ ಆಧಾರವಾಗಬೇಕು, ಎಲ್ಲರ ವಿಷಯದಲ್ಲಿಯೂ ತಾಳ್ಮೆಯಿಂದಿರಬೇಕು ಎಂದು ಅದೇ ಪೌಲನು ಅದೇ ಸಭೆಗೆ ಹೇಳುತ್ತಾನೆ. ಈ ಕ್ರಮವನ್ನು ದಯವಿಟ್ಟು ಗಮನಿಸಿ. ಸ್ತೋತ್ರದ ಮಾತು ಬರುವ ಮೊದಲೇ ಮನಗುಂದಿದವನ ಪಕ್ಕದಲ್ಲಿ ಒಬ್ಬರು ಬಂದು ನಿಂತಿರಬೇಕು. ನಿಮ್ಮ ಸಭೆ 18ನೆಯ ವಚನವನ್ನು ನಿಮ್ಮಿಂದ ಕೇಳುತ್ತಿದೆ. 14ನೆಯ ವಚನವನ್ನು ನಿಮ್ಮ ಮನೆಗೆ ತಂದಿದೆಯೇ? ತಂದಿಲ್ಲವಾದರೆ ಬಾಕಿ ಸಭೆಯ ಮೇಲಿದೆ, ನಿಮ್ಮ ಮೇಲಲ್ಲ. ಸಭೆಯನ್ನು ದೂರುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ನಾನೂ ಅದೇ ಸಭೆಯ ಬೆಂಚಿನಲ್ಲಿ ಕುಳಿತು ಎಷ್ಟೋ ಮಂದಿಗೆ ‘ಸ್ತೋತ್ರ ಹೇಳಿ, ಎಲ್ಲಾ ಸರಿಹೋಗುತ್ತದೆ’ ಎಂದು ಹೇಳಿ ಕೈತೊಳೆದುಕೊಂಡಿದ್ದೇನೆ.

ಆ ಪತ್ರ ಬರೆದ ಸಂದರ್ಭವೂ ಮುಖ್ಯ. ಥೆಸಲೋನಿಕ ಅಂದಿನ ಮಕೆದೋನ್ಯ ಪ್ರಾಂತದ ರಾಜಧಾನಿ. ಅಲ್ಲಿ ಗಲಭೆ ಎದ್ದು, ಪೌಲನಿಗೆ ಆಶ್ರಯ ಕೊಟ್ಟ ಯಾಸೋನನ ಮನೆಯ ಮೇಲೆ ಜನ ನುಗ್ಗಿದರು, ಸಹೋದರರು ಪೌಲನನ್ನೂ ಅವನ ಜೊತೆಗಾರ ಸೀಲನನ್ನೂ ರಾತ್ರೋರಾತ್ರಿ ಬೆರೋಯಕ್ಕೆ ಸಾಗಿಸಿದರು. ಅಪೊಸ್ತಲರ ಕೃತ್ಯಗಳು 17ರಲ್ಲಿ ಇದೆಲ್ಲ ಇದೆ. ಹೊಸದಾಗಿ ನಂಬಿದ ಆ ಜನರನ್ನು ಕಷ್ಟದ ನಡುವೆ ಬಿಟ್ಟುಬಂದ ಪೌಲನು ಸುಮಾರು ಕ್ರಿ.ಶ. 50ರ ಹೊತ್ತಿಗೆ ಕೊರಿಂಥದಿಂದ ಈ ಪತ್ರ ಬರೆದ. ಮೂರನೆಯ ಅಧ್ಯಾಯ ಓದಿದರೆ ಅವನ ಸ್ವಂತ ಸ್ಥಿತಿ ಕಾಣುತ್ತದೆ: ಇನ್ನು ತಾಳಲಾರೆ ಎನ್ನಿಸಿ ತನ್ನ ಜೊತೆಗಾರ ತಿಮೊಥೆಯನನ್ನು ಅಲ್ಲಿಗೆ ಕಳುಹಿಸುತ್ತಾನೆ, ಅವನು ಒಳ್ಳೆಯ ಸುದ್ದಿ ಹೊತ್ತು ಬಂದ ಮೇಲೆ, ನೀವು ಕರ್ತನಲ್ಲಿ ದೃಢವಾಗಿ ನಿಂತಿದ್ದರೆ ನಮಗೆ ಜೀವ ಬಂದಂತಾಯಿತು ಎನ್ನುತ್ತಾನೆ. ಧೈರ್ಯ ಹೇಳುವವನಿಗೇ ಧೈರ್ಯ ಬೇಕಾಗಿತ್ತು! ಅದರ ಮರುವಾಕ್ಯದಲ್ಲೇ, ನಿಮ್ಮ ವಿಷಯದಲ್ಲಿ ದೇವರಿಗೆ ಎಷ್ಟೆಂದು ಕೃತಜ್ಞತೆ ಹೇಳೋಣ ಎಂಬ ಮಾತು ಬರುತ್ತದೆ. ಇದೇ ಪತ್ರದಲ್ಲಿ 1:2, 2:13, 3:9 ಈ ಮೂರು ಕಡೆ ಪೌಲನು ದೇವರಿಗೆ ಕೃತಜ್ಞತೆ ಹೇಳುತ್ತಾನೆ, ಮೂರು ಕಡೆಯೂ ಅದು ಆ ಜನರಿಗಾಗಿಯೇ, ಅವರು ನಂಬಿದ್ದಕ್ಕಾಗಿ ಮತ್ತು ನಿಂತುಕೊಂಡಿದ್ದಕ್ಕಾಗಿ. ಅವರಿಗೆ ಬಂದ ಹಿಂಸೆಗಾಗಿ ಅವನು ಒಮ್ಮೆಯೂ ಸ್ತೋತ್ರ ಹೇಳುವುದಿಲ್ಲ.

ಆ ವಾಕ್ಯದಲ್ಲಿರುವುದೂ ‘ಎಲ್ಲಾದರಲ್ಲಿಯೂ’ ಎಂದು, ‘ಎಲ್ಲದಕ್ಕೂ’ ಎಂದಲ್ಲ. ಬೆಳೆ ಹೋದದ್ದಕ್ಕೆ ಸ್ತೋತ್ರ ಹೇಳಬೇಕಾಗಿಲ್ಲ, ಬೆಳೆ ಹೋದ ವರ್ಷದಲ್ಲಿಯೂ ದೇವರನ್ನು ಮರೆಯದಿರಲು ಸಾಧ್ಯ ಎನ್ನುವುದೇ ಅದರ ಅರ್ಥ. ಎಫೆಸದವರಿಗೆ ಬರೆದ ಪತ್ರದ 5:20ರಲ್ಲಿ ಎಲ್ಲಾ ಕಾರ್ಯಗಳಿಗಾಗಿ ಸ್ತೋತ್ರ ಮಾಡುವ ಮಾತಿದೆ ಎಂದು ಯಾರಾದರೂ ನಿಮಗೆ ತೋರಿಸಬಹುದು. ಇದೆ, ನಿಜ. ಆದರೆ ಅದರ ಹಿಂದಿನ ವಚನದಲ್ಲಿ ಒಬ್ಬರೊಂದಿಗೊಬ್ಬರು ಕೀರ್ತನೆಗಳಿಂದ ಮಾತಾಡುವ ಸಭೆ ಕಾಣುತ್ತದೆ. ಸಾಲದ ಚೀಟಿ ಹಿಡಿದು ಒಬ್ಬನೇ ಕುಳಿತವನಿಂದ ಒತ್ತಾಯ ಮಾಡಿ ಹೇಳಿಸುವ ಸ್ತೋತ್ರ ಅದಲ್ಲ.

ಇನ್ನು ‘ಯೋಗ್ಯತೆ’ಯ ವಿಷಯ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಈ ಮಾತು ನನ್ನ ಕಸುಬಿಗೆ ಬಹಳ ಹತ್ತಿರದ್ದು. ಥೆಸಲೋನಿಕದವರಿಗೆ ಬರೆದ ಆ ಮೊದಲನೆಯ ಪತ್ರದ ಎರಡನೆಯ ಅಧ್ಯಾಯದ 11, 12ನೆಯ ವಚನಗಳಲ್ಲಿ ಪೌಲನು, ತಂದೆ ಮಕ್ಕಳಿಗೆ ಹೇಳುವಂತೆ ನಿಮ್ಮಲ್ಲಿ ಒಬ್ಬೊಬ್ಬರಿಗೂ ಧೈರ್ಯ ಹೇಳಿ, ದೇವರಿಗೆ ಯೋಗ್ಯರಾಗಿ ನಡೆಯಿರಿ ಎಂದು ಕೇಳಿಕೊಂಡೆವು ಎನ್ನುತ್ತಾನೆ. ಅಲ್ಲಿ ‘ಯೋಗ್ಯ’ ಎಂಬುದಕ್ಕಿರುವ ಗ್ರೀಕ್ ಪದದ ಮೂಲ ತಕ್ಕಡಿಯಲ್ಲಿದೆ: ಒಂದು ತಟ್ಟೆಯಲ್ಲಿಟ್ಟದ್ದಕ್ಕೆ ಇನ್ನೊಂದು ತಟ್ಟೆಯಲ್ಲಿರುವುದು ಸಮತೂಕ ಬರುವುದು. ಇದನ್ನು ಒಬ್ಬ ಹಿರಿಯ ಅಯ್ಯನವರು ಪ್ರಸಂಗದಲ್ಲಿ ವಿವರಿಸಿದ ದಿನ ನನಗೆ ಮನೆಗೆ ಬಂದು ಊಟ ಸೇರಲಿಲ್ಲ.

ಕಾರಣ ಹೇಳುತ್ತೇನೆ. ನಮ್ಮ ಅಂಗಡಿಯಲ್ಲಿ ಹತ್ತಿ ತೂಗಿದ ಮೇಲೆ ಕಸಕ್ಕೆ, ತೇವಕ್ಕೆ ಎಂದು ಕ್ವಿಂಟಲಿಗೆ ಇಷ್ಟು ಕೆ.ಜಿ. ಕಳೆಯುತ್ತಿದ್ದೆವು, ಅದಕ್ಕೆ ‘ಸೂಟು’ ಎನ್ನುತ್ತಿದ್ದೆವು. ಹತ್ತಿ ಒಣಗಿರಲಿ, ಹಸಿಯಾಗಿರಲಿ, ಸೂಟು ತಪ್ಪುತ್ತಿರಲಿಲ್ಲ. ಕಳೆದ ತೂಕವನ್ನು ರೈತರ ಪಟ್ಟಿಯಲ್ಲಿ ತೋರಿಸದೆ ನಿವ್ವಳ ತೂಕವನ್ನಷ್ಟೇ ಬರೆಯುವುದು ನನ್ನ ಕೆಲಸ. ಒಂದು ಸುಗ್ಗಿಯಲ್ಲಿ ಮಾನ್ವಿ ಕಡೆಯ ವಯಸ್ಸಾದ ರೈತರೊಬ್ಬರು ಪಟ್ಟಿಯನ್ನು ಕಣ್ಣಿಗೆ ಹತ್ತಿರ ಹಿಡಿದು, ಬೆರಳಿನಿಂದ ಅಂಕಿಯನ್ನು ಒತ್ತಿ ಒತ್ತಿ ನೋಡಿ, “ಮನ್ಯಾಗ ತೂಗಿದಾಗ ಹೆಚ್ಚಿಗಿ ಇತ್ತಲ್ರಿ ಸಾಹುಕಾರ” ಎಂದು ಕೇಳಿದರು. ಸಾಹುಕಾರ ನಾನಲ್ಲ, ಆದರೂ ಉತ್ತರ ಕೊಡಬೇಕಾದವನು ನಾನೇ ಆಗಿದ್ದೆ. “ದಾರ್ಯಾಗ ಒಣಗಿರ್ತದ” ಎಂದೆ. ಅವರು ಪಟ್ಟಿಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ಹೋದರು. ಅದಾದ ಎರಡು ವಾರಕ್ಕೆ ನಮ್ಮ ಸಭೆಯಲ್ಲಿ ಸುಗ್ಗಿ ಹಬ್ಬ. ಜೋಳದ ದಂಟು, ಕುಂಬಳಕಾಯಿ, ಹತ್ತಿಯ ಗಿಡ ಎಲ್ಲವನ್ನೂ ವೇದಿಕೆಯ ಮುಂದೆ ಇಟ್ಟಿದ್ದರು. ಎಲ್ಲರಿಗಿಂತ ಗಟ್ಟಿಯಾಗಿ ಸ್ತೋತ್ರ ಹೇಳಿದವನು ನಾನು, ಆ ವರ್ಷ ಅಂಗಡಿಯಿಂದ ಒಳ್ಳೆಯ ಬೋನಸ್ ಬಂದಿತ್ತು.

ಸುಳ್ಳು ಸ್ತೋತ್ರ ಯಾವುದು ಎಂದು ನೀವು ಕೇಳಿದ್ದಕ್ಕೆ ನನ್ನ ನೇರ ಉತ್ತರ ಇದು: ನನ್ನ ಆ ಸ್ತೋತ್ರವೇ ಸುಳ್ಳಾಗಿತ್ತು. ಮನಸ್ಸಿನಲ್ಲಿ ಸಂತೋಷ ತುಂಬಿತ್ತು, ಮಾತಿಗೂ ಮನಸ್ಸಿಗೂ ಅಂತರವಿರಲಿಲ್ಲ, ಆದರೂ ಸುಳ್ಳು, ಏಕೆಂದರೆ ನನ್ನ ತಕ್ಕಡಿ ಸುಳ್ಳಾಗಿತ್ತು. ಮೋಸದ ತ್ರಾಸು ಯೆಹೋವನಿಗೆ ಅಸಹ್ಯ ಎಂದು ಜ್ಞಾನೋಕ್ತಿ 11:1 ಹೇಳುತ್ತದೆ. ಯೋಗ್ಯನಾಗಿ ನಡೆಯುವುದೆಂದರೆ ಹೃದಯ ಉಕ್ಕಿ ಬರುವುದಲ್ಲ. ಕರೆದವನ ಕರೆಗೆ ಸಮನಾಗಿ ನಮ್ಮ ನಡತೆ ತೂಗಬೇಕು, ಅದೂ ವಾರದ ಆರು ದಿನ. ನಷ್ಟದಲ್ಲಿಯೂ ಕೂಲಿಯವರ ಹಣ ಉಳಿಸಿಕೊಳ್ಳದೆ ಅಪ್ಪ ಕೊಟ್ಟರು ಎಂದು ನಿಮ್ಮ ಪ್ರಶ್ನೆಯಲ್ಲೇ ಬರೆದಿದ್ದೀರಿ. ಆ ಮನೆಯವರನ್ನು ಅಯೋಗ್ಯರು ಎನ್ನಲು ನನಗಂತೂ ಬಾಯಿ ಬರುವುದಿಲ್ಲ.

ಮರುವರ್ಷದ ಸುಗ್ಗಿಯಲ್ಲಿ ನಾನು ಸೂಟನ್ನು ಪಟ್ಟಿಯಲ್ಲಿ ಬೇರೆ ಸಾಲಾಗಿ ಬರೆಯತೊಡಗಿದೆ. ಒಂದು ವಾರ ನಡೆಯಿತು, ಎರಡನೆಯ ವಾರ ನನ್ನ ಲೆಕ್ಕ ಚುಕ್ತಾ ಮಾಡಿ ಕಳುಹಿಸಿದರು. ಏಳು ತಿಂಗಳು ಕೆಲಸವಿಲ್ಲದೆ ಕುಳಿತೆ. ಒಳ್ಳೆಯದು ಮಾಡಿದೆನೆಂಬ ಹೆಮ್ಮೆ ಒಂದು ತಿಂಗಳಿಗಿಂತ ಹೆಚ್ಚು ನಿಲ್ಲಲಿಲ್ಲ, ಮಗಳ ಕಾಲೇಜು ಶುಲ್ಕದ ದಿನ ಹತ್ತಿರ ಬಂದಂತೆ ನಾನೂ ನಿಮ್ಮ ಅಪ್ಪನಂತೆಯೇ ಮಾತು ಬಿಟ್ಟೆ. ಸಭೆಯವರು ಬಂದರು, ವಾಕ್ಯ ಓದಿದರು, ಸ್ತೋತ್ರ ಹೇಳಿಸಿದರು, ಹೋದರು. ಆಗ ಪ್ರತಿ ಸಂಜೆ ಬಂದವರೆಂದರೆ ನಮ್ಮ ಗಂಜ್‌ನಲ್ಲಿ ಹಮಾಲಿ ಮಾಡುತ್ತಿದ್ದ ಒಬ್ಬ ಅಣ್ಣ, ನಮ್ಮ ಸಭೆಯವರೇ, ಓದು ಬರಹ ಇಲ್ಲದವರು. ಮೊದಲ ದಿನ ಟವೆಲ್ಲಿನಲ್ಲಿ ಕಟ್ಟಿದ ಜೋಳವನ್ನು ಬಾಗಿಲ ಒಳಗಿಟ್ಟು ಕಟ್ಟೆಯ ಮೇಲೆ ಕುಳಿತರು. ಇವರೂ ಉಪದೇಶ ಶುರುಮಾಡುತ್ತಾರೆ ಎಂದುಕೊಂಡು ನಾನು ಮುಖ ತಿರುಗಿಸಿದೆ. “ಏನೂ ಹೇಳಾಕ ಬಂದಿಲ್ಲಪ್ಪ, ಸುಮ್ಕ ಕುಂದ್ರಾಕ ಬಂದೀನಿ” ಎಂದರು. ಕತ್ತಲಾಗುವವರೆಗೆ ಕುಳಿತು ಎದ್ದು ಹೋದರು. ಮರುದಿನವೂ ಬಂದರು. ಹೀಗೆ ಎಷ್ಟು ದಿನವೆಂದು ಎಣಿಸಲಿಲ್ಲ, ಮಳೆಗಾಲ ಹಿಡಿಯುವವರೆಗೂ ಬಂದರು.

‘ಧೈರ್ಯ ಹೇಳುವುದು’ ಎಂಬಲ್ಲಿ ಹೊಸ ಒಡಂಬಡಿಕೆ ಹೆಚ್ಚಾಗಿ ಬಳಸುವ ಗ್ರೀಕ್ ಮಾತಿನಲ್ಲಿ ‘ಪಕ್ಕಕ್ಕೆ ಕರೆಯುವುದು’ ಎಂಬ ಅರ್ಥ ಅಡಗಿದೆ ಎಂದು ಆಮೇಲೆ ತಿಳಿದಾಗ ನನಗೆ ಆ ಕಟ್ಟೆ ನೆನಪಾಯಿತು. ಬಾರ್ನಬನೆಂಬ ಹೆಸರಿಗೂ ಅಪೊಸ್ತಲರ ಕೃತ್ಯಗಳು 4:36 ಧೈರ್ಯದಾಯಕ ಎಂಬ ಅರ್ಥವನ್ನೇ ಕೊಡುತ್ತದೆ. ಎಲ್ಲರೂ ಸೌಲನಿಗೆ, ಅಂದರೆ ಮುಂದೆ ಪೌಲನೆನಿಸಿದವನಿಗೆ, ಹೆದರಿ ದೂರ ನಿಂತಾಗ ಅವನ ಕೈಹಿಡಿದು ಅಪೊಸ್ತಲರ ಬಳಿಗೆ ಕರೆತಂದವನು ಈ ಬಾರ್ನಬ. ಬಾರ್ನಬನೊಬ್ಬನೇ ಮಾಡಿದ ದೊಡ್ಡ ಪ್ರಸಂಗ ಒಂದೂ ಅಲ್ಲಿ ಬರೆದಿಟ್ಟಿಲ್ಲ, ಜೊತೆಗೆ ನಿಂತದ್ದನ್ನು ಬರೆದಿಟ್ಟಿದ್ದಾರೆ.

ಆ ದಿನಗಳಲ್ಲೇ ನನಗೆ ಕೃತಜ್ಞತೆಯ ಅರ್ಥ ಬೇರೆಯಾಗಿ ತಿಳಿಯಿತು. ನಮ್ಮ ಭಾಷೆಯ ಈ ಮಾತನ್ನೇ ನೋಡಿ: ಕೃತ ಎಂದರೆ ಮಾಡಿದ್ದು, ಅದನ್ನು ಅರಿತವನು ಕೃತಜ್ಞ. ಇಲ್ಲಿ ಅರಿವಿನ ಮಾತಿದೆ, ಭಾವನೆಯ ಮಾತಿಲ್ಲ. 103ನೆಯ ಕೀರ್ತನೆಯೂ ಆತನ ಉಪಕಾರಗಳಲ್ಲಿ ಒಂದನ್ನೂ ಮರೆಯಬೇಡ ಎಂದು ತನ್ನ ಮನಸ್ಸಿಗೆ ತಾನೇ ಹೇಳುತ್ತದೆ. ಮರೆಯದಿರುವುದು ಲೆಕ್ಕ ಬರೆಯುವವನಿಗೆ ಗೊತ್ತಿರುವ ಕೆಲಸ. ಮನೆಯಲ್ಲಿ ಒಂದು ಖಾಲಿ ಕಿರ್ದಿ ಪುಸ್ತಕ ಬಿದ್ದಿತ್ತು. ಜಮಾ ಬದಿಯಲ್ಲಿ ಬರೆದೆ: ಜೋಳ, ಅಂದಾಜು ಐದು ಸೇರು. ಎದುರುಮನೆಯ ಅಕ್ಕ ಕೊಟ್ಟ ಮಜ್ಜಿಗೆ. ಮಗಳು ಶುಲ್ಕದ ಮಾತನ್ನು ತಾನಾಗಿ ಎತ್ತದೇ ಇದ್ದದ್ದು. ಅಣ್ಣ ಬಂದು ಕುಳಿತದ್ದು. ಖರ್ಚಿನ ಬದಿಯೂ ತುಂಬಿತ್ತು, ಅದನ್ನೂ ಅಳಿಸಲಿಲ್ಲ, ಸಾಲ ಸಾಲವೇ. ಕೆಲವು ದಿನ ಜಮಾ ಬದಿ ಓದುವಾಗ ಏನೂ ಅನಿಸುತ್ತಿರಲಿಲ್ಲ. ಆದರೂ ಅಲ್ಲಿ ಬರೆದದ್ದು ನಿಜವಾಗಿತ್ತು. ಆದ್ದರಿಂದ, ತಮ್ಮಾ, ಎದೆ ಒಣಗಿದ್ದರೂ ಆದದ್ದನ್ನು ಆಯಿತೆಂದು ಹೇಳುವ ಸ್ತೋತ್ರ ಸುಳ್ಳಲ್ಲ. ಆಗದೇ ಇದ್ದದ್ದನ್ನು ಆಯಿತೆಂದು, ನೋಯುತ್ತಿರುವುದನ್ನು ನೋಯುತ್ತಿಲ್ಲವೆಂದು ಹೇಳಬೇಕಾಗಿ ಬಂದರೆ ಅದನ್ನು ಹೇಳಬೇಡಿ.

ನೋವನ್ನು ಹೇಳುವುದಕ್ಕೂ ಸತ್ಯವೇದದಲ್ಲಿ ಜಾಗವಿದೆ. 13ನೆಯ ಕೀರ್ತನೆ ‘ಎಷ್ಟರವರೆಗೆ’ ಎಂದು ಮತ್ತೆ ಮತ್ತೆ ಕೇಳುತ್ತದೆ. 88ನೆಯದು ಕತ್ತಲೆಯಲ್ಲಿಯೇ ಮುಗಿಯುತ್ತದೆ, ಕೊನೆಯಲ್ಲೂ ಸ್ತೋತ್ರವಿಲ್ಲ. ಆದರೂ ಅದನ್ನು ಪ್ರಾರ್ಥನೆ ಎಂದೇ ಉಳಿಸಿಕೊಂಡಿದ್ದಾರೆ. ಅಂಜೂರ ಚಿಗುರದಿದ್ದರೂ, ಹೊಲಗಳು ಆಹಾರ ಕೊಡದಿದ್ದರೂ ಯೆಹೋವನಲ್ಲಿ ಉಲ್ಲಾಸಿಸುವೆನು ಎಂಬ ಪ್ರವಾದಿ ಹಬಕ್ಕೂಕನ ಮಾತನ್ನು ನಮ್ಮ ಎರೆಹೊಲದ ಸೀಮೆಯ ಸಭೆಗಳಲ್ಲಿ ತುಂಬಾ ಓದುತ್ತಾರೆ, ಆದರೆ ಅದು ಆ ಪುಸ್ತಕದ ಮೂರನೆಯ ಅಧ್ಯಾಯದ ಕೊನೆಯಲ್ಲಿದೆ. ಮೊದಲ ಅಧ್ಯಾಯ ಶುರುವಾಗುವುದು, ನಾನು ಮೊರೆಯಿಡುತ್ತಿದ್ದರೂ ನೀನು ಎಷ್ಟು ಕಾಲ ಕೇಳದೇ ಇರುವೆ ಎಂಬ ದೂರಿನಿಂದ. ಹಬಕ್ಕೂಕನಿಗೆ ಮೂರು ಅಧ್ಯಾಯದ ಅವಕಾಶ ಕೊಟ್ಟ ದೇವರು ನಿಮಗೂ ಕೊಡುತ್ತಾನೆ.

ಅಂದ ಹಾಗೆ, ನಾವು ಈ ಮಾತುಗಳನ್ನು ಕನ್ನಡದಲ್ಲಿ ಓದುವುದಕ್ಕೂ ನಮ್ಮ ಸೀಮೆಯ ಪಕ್ಕದಲ್ಲೇ ಕೆಲಸ ನಡೆದಿದೆ. ಜಾನ್ ಹ್ಯಾಂಡ್ಸ್ ಎಂಬ ಮಿಷನರಿ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು ಅನುವಾದಕ್ಕೆ ಕೈಹಾಕಿದರು. ಪೂರ್ಣ ಬೈಬಲ್ ಕನ್ನಡಕ್ಕೆ ಬರಲು ಸುಮಾರು ಎರಡು ದಶಕಗಳೇ ಹಿಡಿದವು. ನನ್ನ ಜಮಾ ಬದಿಯಲ್ಲಿ ಇದೂ ಒಂದು ಸಾಲು.

ಮುಂದೆ ನನಗೆ ಒಂದು ಬೀಜ ಗೊಬ್ಬರದ ಅಂಗಡಿಯಲ್ಲಿ ಕೆಲಸ ಸಿಕ್ಕಿತು, ಸಂಬಳ ಮೊದಲಿಗಿಂತ ಕಡಿಮೆ. ಇದನ್ನು ಪ್ರತಿಫಲ ಎಂದು ನಾನು ಸಾಕ್ಷಿ ಹೇಳಿಲ್ಲ, ನಿಮಗೂ ಹೇಳುವುದಿಲ್ಲ. ಮುಂದಿನ ವರ್ಷ ನಿಮ್ಮ ಬೆಳೆ ಬಂದೇ ಬರುತ್ತದೆಂಬ ಭರವಸೆ ಕೊಡಲು ನನಗೆ ಅಧಿಕಾರವಿಲ್ಲ.

ನಿಮ್ಮ ಅಪ್ಪನವರ ಬಗ್ಗೆ ಮಾತ್ರ ತಡಮಾಡಬೇಡಿ. ಅವರನ್ನು ಒಂಟಿಯಾಗಿ ಬಿಡಬೇಡಿ. ಬದುಕು ಸಾಕಾಯಿತು ಎಂಬಂಥ ಮಾತು ಒಮ್ಮೆ ಬಂದರೂ ಅದನ್ನು ವಿಶ್ವಾಸದ ಕೊರತೆ ಎಂದು ಗದರಿಸದೆ, ವೈದ್ಯರ ಬಳಿ ಕರೆದುಕೊಂಡು ಹೋಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಉಚಿತವಾಗಿ ಮಾತನಾಡುತ್ತಾರೆ. ಸಭೆಯ ಹಿರಿಯರಲ್ಲಿ ನಿಮಗೆ ನಂಬಿಕೆ ಇರುವ ಒಬ್ಬರಿಗೆ ಸಾಲದ ಮೊತ್ತವನ್ನು ಬಿಚ್ಚಿ ಹೇಳಿ, ಮನೆಗೆ ಬಂದು ಕೂರಲು ಕೇಳಿಕೊಳ್ಳಿ. ಕೇಳುವುದು ನಾಚಿಕೆಯಲ್ಲ, 14ನೆಯ ವಚನ ಅವರಿಗೆ ಒಪ್ಪಿಸಿದ ಕೆಲಸ ಅದು.

ಬರುವ ಭಾನುವಾರ ಸ್ತೋತ್ರದ ಹೊತ್ತಿನಲ್ಲಿ ನಿಮಗೆ ಬಾಯಿ ತೆರೆಯಲಾಗದಿದ್ದರೆ ಸುಮ್ಮನೆ ಕುಳಿತಿರಿ, ಪಕ್ಕದವರು ಹಾಡುತ್ತಾರೆ. ಸಂಜೆ ಮನೆಯಲ್ಲಿ ಕುಟುಂಬ ಪ್ರಾರ್ಥನೆಗೆ ಕುಳಿತಾಗ ಥೆಸಲೋನಿಕದವರಿಗೆ ಬರೆದ ಮೊದಲನೆಯ ಪತ್ರದ ಐದನೆಯ ಅಧ್ಯಾಯ ಬೇಡ. ಅದೇ ಪತ್ರದ ಮೂರನೆಯ ಅಧ್ಯಾಯವನ್ನು, ತಿಮೊಥೆಯನು ಸುದ್ದಿ ತಂದ ಭಾಗವನ್ನು, ಅಪ್ಪನವರಿಗೆ ಕೇಳುವಂತೆ ನಿಧಾನವಾಗಿ ಓದಿ. ಬರೇ 13 ವಚನಗಳಿವೆ.