ಟಾಪ್ ಫ್ಲೋರ್ ಮನೆ ಬೇಸಿಗೇಲಿ ಕಾದು ಕೆಂಡ ಆಗತ್ತೆ, ಡಬಲ್ ಗ್ಲಾಸ್ ಕಿಟಕಿ ಹಾಕಿಸ್ಲಾ ಇಲ್ಲ ಎಸಿ ಹಾಕಿಸ್ಲಾ?

ಎರಡೂ ಬೇಡ. ಸದ್ಯಕ್ಕಂತೂ ಬೇಡ.

ರಾತ್ರಿ ಹನ್ನೊಂದಾದ್ರೂ ಗೋಡೆ ಬೆಚ್ಚಗಿರತ್ತೆ, ಫ್ಯಾನ್ ಹಾಕಿದ್ರೆ ಬಿಸಿಗಾಳಿ ಸುರಿಯತ್ತೆ ಅಂತ ಬರೆದಿದೀರಲ್ಲ, ನಮ್ಮನೇಲೂ ಇದೇ ಕಥೆ. ಬಸವೇಶ್ವರನಗರ, ಥರ್ಟಿ ಫಾರ್ಟಿ ಸೈಟು, ಮೇಲಿನ ಮಹಡಿ, ತಲೆ ಮೇಲೆ ಬರೀ ಆರ್‌ಸಿಸಿ ಸ್ಲ್ಯಾಬು. 2016ರ ಏಪ್ರಿಲ್‌ನಲ್ಲಿ ಬೆಂಗಳೂರಲ್ಲಿ 39.2 ಡಿಗ್ರಿ ದಾಖಲಾಯ್ತಲ್ಲ, ಆ ಬೇಸಿಗೇಲಿ ಅಮ್ಮ ರೂಮಲ್ಲಿ ಮಲಗೋಕಾಗದೆ ಹಾಲ್‌ನಲ್ಲಿ ಬಾಗಿಲ ಹತ್ರ ಬರೀ ನೆಲದ ಮೇಲೆ ಮಲಗ್ತಿದ್ರು. ಅದನ್ನ ನೋಡಿ ನೋಡಿ ಮಾರನೇ ವರ್ಷ ರಿನೋವೇಶನ್‌ಗೆ ಕೈ ಹಾಕಿದ್ವಿ.

ದುಡ್ಡು ಹಾಳಾಗಿದ್ದು ಅಲ್ಲೇ. ಇದನ್ನ ಸ್ವಲ್ಪ ಉದ್ದವಾಗೇ ಹೇಳ್ತೀನಿ, ಯಾಕಂದ್ರೆ ನೀವೂ ಅದನ್ನೇ ಮಾಡೋಕೆ ಹೊರಟಿದೀರ. ಹಳೇ ಮರದ ಕಿಟಕಿಗಳು, ಎರಡು ಬಾಗಿಲು ಪೂರ್ತಿ ಹೊರಗಡೆ ತೆರೆಯೋ ಅಂಥವು, ಅದನ್ನೆಲ್ಲ ಕೀಳಿಸಿ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್ ಚೌಕಟ್ಟು) ಸ್ಲೈಡಿಂಗ್, ಡಬಲ್ ಗ್ಲಾಸ್, ಅಂದ್ರೆ ಎರಡು ಗಾಜು ಮಧ್ಯೆ ಸಂದು ಬಿಟ್ಟು ಮುಚ್ಚಿರೋದು, ಹಾಕಿಸ್ದೆ. ಕಿಟಕಿ ಮೇಲಿದ್ದ ವೆಂಟಿಲೇಟರ್‌ಗಳಿಂದ ಧೂಳು ಬರತ್ತೆ, ಸೊಳ್ಳೆ ಬರತ್ತೆ ಅಂತ ಇಟ್ಟಿಗೆ ಇಡಿಸಿ ಪ್ಲಾಸ್ಟರ್ ಮಾಡಿಸ್ದೆ. ಮೇಸ್ತ್ರಿ "ಮೇಲ್ಗಡೆ ಗಾಳಿ ಕಟ್ಟಬೇಡಿ ಸಾರ್" ಅಂದ್ರು, ನಾನು ಕೇಳ್ಲಿಲ್ಲ. ಎರಡು ಲಕ್ಷದ ಹತ್ರ ಖರ್ಚಾಯ್ತು. ಮುಂದಿನ ಏಪ್ರಿಲ್‌ನಲ್ಲಿ ಮನೆ ಮೊದಲಿಗಿಂತ ಜಾಸ್ತಿ ಕಾಯ್ತು.

ಯಾಕೆ ಅಂತ ಅರ್ಥ ಆಗೋಕೆ ನನಗೆ ತುಂಬಾ ಸಮಯ ಬೇಕಾಯ್ತು. ಡಬಲ್ ಗ್ಲಾಸ್ ಕೆಲಸ ಮಾಡೋದು ಒಳಗಿನ ಹವಾ ಒಳಗೇ ಉಳೀಬೇಕು ಅನ್ನೋ ಕಡೆ, ಅಂದ್ರೆ ಚಳಿ ದೇಶದಲ್ಲಿ ಅಥವಾ ಇಡೀ ದಿನ ಎಸಿ ಓಡೋ ಆಫೀಸಲ್ಲಿ. ಬೆಂಗಳೂರಲ್ಲಿ ಏಪ್ರಿಲ್ ಮಧ್ಯಾಹ್ನ 35-36 ಇದ್ರೂ ರಾತ್ರಿ ಹೊರಗಡೆ 22-23ಕ್ಕೆ ಇಳಿಯತ್ತೆ. ನಾವಿರೋದು 900 ಮೀಟರ್ ಎತ್ತರದಲ್ಲಿ, ಚೆನ್ನೈ ಥರ ರಾತ್ರಿಯೂ ಬೇಯೋ ಊರಲ್ಲ ಇದು. ಹೊರಗೆ ತಣ್ಣಗಿದೆ, ಒಳಗೆ ಕಾದಿದೆ, ಅಂಥ ಹೊತ್ತಲ್ಲಿ ನಾನು ದುಡ್ಡು ಕೊಟ್ಟು ಹಾಕಿಸಿದ್ದ ಕಿಟಕಿ ಆ ಕಾವನ್ನ ಹೊರಗೆ ಹೋಗೋಕೇ ಬಿಡ್ತಿರ್ಲಿಲ್ಲ. ಸ್ಲೈಡಿಂಗ್ ಆದ್ರೆ ಎಷ್ಟು ಸರಿಸಿದ್ರೂ ಅರ್ಧ ಕಿಟಕಿ ಮುಚ್ಚೇ ಇರತ್ತೆ. ಬಿಸಿಗಾಳಿ ಮೇಲೆ ಸೇರೋದು ಸೂರಿನ ಹತ್ರ, ಅಲ್ಲಿಂದ ಹೊರಗೆ ಹೋಗೋ ದಾರಿ ವೆಂಟಿಲೇಟರ್, ಅದನ್ನೂ ಮುಚ್ಚಿಬಿಟ್ಟಿದ್ದೆ. ಹಳೇ ಮನೆಗಳಲ್ಲಿ ಗವಾಕ್ಷಿ ಇಡ್ತಿದ್ದಿದ್ದು ಬರೀ ಬೆಳಕಿಗಲ್ಲ ಅಂತ ನಾನು ಕಲಿತಿದ್ದು ಹೀಗೆ.

ಇನ್ನು ನಿಮ್ಮ ಪ್ರಶ್ನೇಲೇ ತಪ್ಪಿರೋದು ಏನಂದ್ರೆ, ನೀವು ಕಿಟಕಿ ನೋಡ್ತಿದೀರ, ಮೇಲೆ ನೋಡ್ತಿಲ್ಲ. ಬೆಂಗಳೂರಲ್ಲಿ ಏಪ್ರಿಲ್ 24ರ ಸುಮಾರಿಗೆ ಶೂನ್ಯ ನೆರಳಿನ ದಿನ ಬರತ್ತೆ, ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿ ಮೇಲೆ, ಕಂಬಕ್ಕೂ ನೆರಳಿರಲ್ಲ. ಹಾಗಾದ್ರೆ ಬಿಸಿಲು ಬೀಳೋದೆಲ್ಲಿ? ತಾರಸಿ ಮೇಲೆ. ಅಕ್ಕಪಕ್ಕದ ಮನೆಗಳು ಅಂಟಿಕೊಂಡಂಗೇ ಇರೋದ್ರಿಂದ ನಮ್ಮ ಗೋಡೆಗಳಿಗೆ ಅಷ್ಟು ಬಿಸಿಲೇ ಇಲ್ಲ. ಸ್ಲ್ಯಾಬು ಬೆಳಗ್ಗೆಯಿಂದ ಸಂಜೆವರೆಗೂ ಕಾವು ಕುಡಿದು, ಕತ್ತಲಾದ್ಮೇಲೆ ರೊಟ್ಟಿ ಹಂಚಿನ ಥರ ನಿಧಾನಕ್ಕೆ ಒಳಗೆ ಬಿಡತ್ತೆ. ನಿಮಗೆ ರಾತ್ರಿ ಹನ್ನೊಂದಕ್ಕೆ ಸೆಕೆ ಆಗೋದು ಇದರಿಂದಾನೇ.

ಹಾಗಾಗಿ ಮೊದಲು ತಾರಸಿ ಮಾಡಿಸಿ. ನಾವು ಆಮೇಲೆ ಮಾಡಿಸಿದ್ದು ಇಷ್ಟೇ: ಬಿರುಕುಗಳಿಗೆಲ್ಲ ವಾಟರ್‌ಪ್ರೂಫಿಂಗ್, ಅದರ ಮೇಲೆ ಬಿಸಿಲನ್ನ ವಾಪಸ್ ಕಳಿಸೋ ಬಿಳೀ ಕೂಲ್ ರೂಫ್ ಪೇಂಟ್ ಎರಡು ಕೋಟು. ಕಿಟಕಿಗೆ ಸುರಿದ ದುಡ್ಡಲ್ಲಿ ಕಾಲು ಭಾಗಾನೂ ಆಗ್ಲಿಲ್ಲ, ಅದೇ ವಾರ ರಾತ್ರಿ ವ್ಯತ್ಯಾಸ ಗೊತ್ತಾಯ್ತು, ಅಮ್ಮ ಮತ್ತೆ ರೂಮಿಗೆ ಹೋಗಿ ಮಲಗಿದ್ರು. ಆದ್ರೆ ಧೂಳು ಕೂತ್ರೆ ಬಿಳುಪು ಹೋಗತ್ತೆ, ಪ್ರತಿ ವರ್ಷ ಶಿವರಾತ್ರಿ ಆದ್ಮೇಲೆ ಒಂದ್ಸಲ ತೊಳೀಲೇಬೇಕು, ಕೆಲವು ವರ್ಷಕ್ಕೆ ಮತ್ತೆ ಬಳೀಬೇಕು. ಬಿಳೀ ಟೈಲ್ಸ್ ಹಾಕಿಸಿದ್ರೆ ಜಾಸ್ತಿ ಬಾಳಿಕೆ ಬರತ್ತೆ, ಆದ್ರೆ ನುಣುಪಾಗಿರೋದು ಬೇಡ, ಮಳೇಲಿ ಬಟ್ಟೆ ತೆಗೆಯೋಕೆ ಓಡಿದವರು ಜಾರಿ ಬೀಳ್ತಾರೆ. ಒಳಗಡೆಯಿಂದ ಫಾಲ್ಸ್ ಸೀಲಿಂಗ್ ಮಾಡಿ ಅಂತ ಹೇಳೋರ ಮಾತು ಕೇಳ್ಬೇಡಿ, ಸ್ಲ್ಯಾಬು ಮೇಲೆ ಕಾಯೋದು ಕಾಯ್ತಾನೇ ಇರತ್ತೆ, ಮೇಲಿಂದ ನೀರು ಸೋರಿದ್ರೂ ಕಾಣಲ್ಲ. ಸೋಲಾರ್ ಪ್ಯಾನೆಲ್ ಹಾಕಿಸೋ ಯೋಚನೆ ಇದ್ರೆ ಇನ್ನೂ ಒಳ್ಳೇದು, ಸ್ಟ್ಯಾಂಡ್ ಮೇಲೆ ಎತ್ತರಕ್ಕೆ ಕೂರಿಸಿದ್ರೆ ಸ್ಲ್ಯಾಬಿಗೆ ನೆರಳೂ ಸಿಗತ್ತೆ.

ನಾನು ವೆಂಟಿಲೇಟರ್‌ಗಳನ್ನ ಒಡೆಸಿ ಮತ್ತೆ ತೆಗೆಸ್ದೆ, ಮೆಶ್ ಹಾಕ್ಸಿದೀನಿ, ಸೊಳ್ಳೆ ಕಾಟ ಇಲ್ಲ. ಪಶ್ಚಿಮದ ಕಿಟಕಿಗೆ ಸಜ್ಜಾ ಇದ್ರೂ ಸಂಜೆ ಬಿಸಿಲು ಓರೆಯಾಗಿ ಒಳಗೇ ಬರತ್ತೆ, ಅದಕ್ಕೆ ಹೊರಗಡೆ ಬಿದಿರಿನ ಪರದೆ ಕಟ್ಟಿ. ಒಳಗಡೆ ಎಷ್ಟೇ ದಪ್ಪ ಕರ್ಟನ್ ಹಾಕಿದ್ರೂ ಗಾಜು ದಾಟಿ ಬಂದ ಕಾವು ಮನೇಲೇ ಉಳಿಯತ್ತೆ. ಹಗಲು ಕಿಟಕಿ ಮುಚ್ಚಿ, ಹೊರಗೆ ತಣ್ಣಗಾದ್ಮೇಲೆ ಎಲ್ಲಾ ತೆಗೆದುಬಿಡಿ. ಫ್ಯಾನ್ ಬದಲಾಯಿಸೋದಿದ್ರೆ ಕಮ್ಮಿ ಕರೆಂಟ್ ತಿನ್ನೋ ಮೋಟಾರಿನ ಬಿಎಲ್‌ಡಿಸಿ ಫ್ಯಾನ್ ತಗೊಳ್ಳಿ, ಹಳೇದು 75 ವ್ಯಾಟ್ ತಿಂದ್ರೆ ಇದು 30ರ ಆಸುಪಾಸಲ್ಲಿ ಓಡತ್ತೆ, ಕರೆಂಟ್ ಹೋದಾಗ ಯುಪಿಎಸ್ಸೂ ಜಾಸ್ತಿ ಹೊತ್ತು ಬರತ್ತೆ.

ಇಷ್ಟೆಲ್ಲ ಮಾಡಿದ್ಮೇಲೂ ಮನೇಲಿ ವಯಸ್ಸಾದವರಿಗೆ ಕಷ್ಟ ಆಗ್ತಿದ್ರೆ ಆಗ ಒಂದು ರೂಮಿಗೆ ಎಸಿ ಹಾಕಿಸಿ, ಯಾರೂ ಬೇಡ ಅನ್ನಲ್ಲ. ಕಾದ ಸ್ಲ್ಯಾಬಿನ ಕೆಳಗೆ ಎಸಿ ಹಾಕಿದ್ರೆ ಅದು ರಾತ್ರಿಯಿಡೀ ನಿಮ್ಮ ತಾರಸೀನೇ ತಣ್ಣಗೆ ಮಾಡ್ತಾ ಕೂತಿರತ್ತೆ. ಸರ್ಕಾರದ ಉಚಿತ ಕರೆಂಟ್ ಯೋಜನೆ ಗೃಹಜ್ಯೋತಿ ತಗೊಳ್ತಿದ್ರೆ ಇದನ್ನೂ ಲೆಕ್ಕ ಹಾಕಿ, ತಿಂಗಳಿಗೆ 200 ಯೂನಿಟ್ ದಾಟಿದ್ರೆ ಪೂರ್ತಿ ಬಿಲ್ಲು ನಾವೇ ಕಟ್ಟಬೇಕು.

ತಾರಸಿ ಕೆಲಸ ಫೆಬ್ರವರಿಯಲ್ಲೇ ಹಿಡೀರಿ, ಏಪ್ರಿಲ್‌ನಲ್ಲಿ ಮಾವಿನ ಮಳೆ ಶುರುವಾದ್ರೆ ಪೇಂಟ್ ಒಣಗಲ್ಲ. ಬಳಿಯೋಕೆ ಮುಂಚೆ ನಾಲ್ಕು ಬಕೆಟ್ ನೀರು ಸುರಿದು ಎಲ್ಲೆಲ್ಲಿ ನಿಲ್ಲತ್ತೆ ನೋಡಿ ಚಾಕ್‌ಪೀಸಲ್ಲಿ ಗುರುತು ಹಾಕಿ, ಆ ಜಾಗದ ಇಳಿಜಾರು ಸರಿ ಮಾಡಿಸದೆ ಪೇಂಟ್ ಡಬ್ಬ ತೆಗೆಯೋಕೆ ಬಿಡ್ಬೇಡಿ.